ತೋಳದ ಗವಿಗೆ ತಂದ ಮೆಣಸಿನಕಾಯಿ

1994ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆಯ ಪರೀಕ್ಷೆಗೆ ಇನ್ನೂ ಒಂದು ತಿಂಗಳು ಬಾಕಿ ಇತ್ತು. ಅಪ್ಪ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ, ಕುರಿ ಹಟ್ಟಿಯಲ್ಲಿ ನಿಂತು ಒದರುತ್ತಿದ್ದವು. ಮಾಸ್ತರರು ಮನೆತನಕ ಬಂದು, ಹುಡುಗ ಲೆಕ್ಕದಾಗ ಶಾಣ್ಯಾ ಇದ್ದಾನ, ಬಿಡಿಸಬ್ಯಾಡ್ರಿ ಎಂದು ಹೇಳಿ ನೋಡಿದರು. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿದಳು, ನನಗೆ ಅಪ್ಪನ ಕಂಬಳಿ ಕೊಟ್ಟು ಕಳಿಸಿದಳು. ಹೊದ್ದುಕೊಂಡರೆ ಆ ಕಂಬಳಿ ನನ್ನ ಹಿಂದೆ ನೆಲ ಗುಡಿಸುತ್ತಿತ್ತು. ಬೆಳೆಯುತ್ತ ಬೆಳೆಯುತ್ತ ಅದು ನನಗೆ ಸರಿಯಾಯಿತು. ಅಂದಿನಿಂದ ನಾನು ಯಾರ ಕೈಕೆಳಗೂ ದುಡಿದಿಲ್ಲ, ನನ್ನ ಹಿಂಡಿನ ಹಿಂದೆ ದುಡಿದಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ನಮ್ಮದು ಕುಂದಗೋಳ ತಾಲೂಕು. ಗುಡಗೇರಿ ಸಂತೆಗೆ ನಡೆದೇ ಹೋಗಿ ಬರುತ್ತೇವೆ. ಅಗದಿ ಸಪಾಟಾದ ಎರಿ ಭೂಮಿ, ಕಪ್ಪು ಮಣ್ಣು. ಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿಯ ಶಿಖರ ಕಾಣುತ್ತದೆ, ನಡುವೆ ಗುಡ್ಡ ಇಲ್ಲ, ಅಡವಿ ಇಲ್ಲ. ಇಲ್ಲಿ ತೋಳ ಐತಿ ಅಂದರೆ ಹೊರಗಿನವರು ನಗುತ್ತಾರೆ. ಹುಬ್ಬಳ್ಳಿಯ ನಮ್ಮ ಬೀಗರೊಬ್ಬರು, ಮೊದಲು ಅಡವಿ ತೋರಸು, ಆಮ್ಯಾಲೆ ತೋಳದ ಮಾತು ಆಡೂಣು ಎಂದು ಚ್ಯಾಷ್ಟಿ ಮಾಡಿದ್ದರು. ತೋಳಕ್ಕೆ ಅಡವಿ ಬೇಕಿಲ್ಲ. ಬಯಲು ಬೇಕು, ಹಳ್ಳದ ದಂಡೆಯಲ್ಲಿ ಯಾರೂ ಕೈ ಹಚ್ಚದ ಒಂದಿಷ್ಟು ಮಣ್ಣು ಬೇಕು, ಮೊಲ, ಇಲಿ, ಚಿಗರಿ ಬೇಕು. ಖರೆ ಹೇಳಬೇಕೆಂದರೆ ಆಗೊಮ್ಮೆ ಈಗೊಮ್ಮೆ ನಮ್ಮದೊಂದು ಮರಿಯೂ ಬೇಕು.

ಅದರ ಬಗ್ಗೆ ಊರಲ್ಲಿ ಆಡದ ಮಾತಿಲ್ಲ. ತೊಟ್ಟಿಲ ಕೂಸು ಒಯ್ಯುತ್ತದೆ ಅನ್ನುವವರಿದ್ದರು, ಒಯ್ದದ್ದನ್ನು ಕಂಡವರು ಯಾರೂ ಇರಲಿಲ್ಲ. ಹಿಂದೆ ನಮ್ಮ ಮಂದಿಯೇ ಅದರ ಗವಿ ಹುಡುಕಿ ಬಾಯಿಗೆ ಹತ್ತಿಕಟ್ಟಿಗೆ ಒಟ್ಟಿ, ಮೇಲೆ ಒಣಮೆಣಸಿನಕಾಯಿ ಸುರಿದು ಬೆಂಕಿ ಹಚ್ಚುತ್ತಿದ್ದರು. ಘಾಟು ಒಳಗೆ ಹೋದರೆ ಮರಿ ಅಲ್ಲೇ ಸಾಯುತ್ತಿದ್ದವು, ತಾಯಿ ಹೊರಗೆ ಬಂದರೆ ಬಡಿಗೆ ಕಾದಿರುತ್ತಿದ್ದವು. ಆಮೇಲೆ ಅದನ್ನು ಗಳಕ್ಕೆ ಕಟ್ಟಿ ಊರೂರು ತಿರುಗಿದರೆ ಮನೆಮನೆಯವರು ಜೋಳ ನೀಡುತ್ತಿದ್ದರು. ನಮ್ಮಪ್ಪನೂ ಹುಡುಗನಿದ್ದಾಗ ಆ ಗಳಕ್ಕೆ ಹೆಗಲು ಕೊಟ್ಟವನೇ.

ಅದೇ ಅಪ್ಪ ಕಾಲು ನೆಟ್ಟಗಾಗಿ ನನ್ನ ಜೊತೆ ಮತ್ತೆ ಹಿಂಡಿನ ಹಿಂದೆ ಬರತೊಡಗಿದ ಮೇಲೆ ಒಂದು ಸಂಜೆ ಕಡಲೆ ಹೊಲದ ಬದುವಿನಲ್ಲಿ ನಿಂತ ತೋಳವನ್ನು ನನಗೆ ತೋರಿಸಿದ. ನಾಯಿಗಿಂತ ಕಾಲು ಉದ್ದ, ಒಣಹುಲ್ಲಿನದೇ ಬಣ್ಣ, ಬಾಲ ಕೆಳಗೆ. ಅದು ನಮ್ಮನ್ನು ನೋಡಲಿಲ್ಲ, ಹಿಂಡನ್ನು ನೋಡುತ್ತಿತ್ತು. ಯಾವುದು ಕುಂಟುತ್ತದೆ, ಯಾವುದು ಹಿಂದೆ ಬಿದ್ದಿದೆ ಎಂದು ನಾನು ನೋಡುವಂತೆಯೇ ನೋಡುತ್ತಿತ್ತು. ನಾನು ಅಪ್ಪನ ಹಿಂದೆ ಸರಿದೆ. ಅಪ್ಪ, "ಹೆದರಬ್ಯಾಡ, ಅದಕ್ಕ ನಿನ್ನ ಕೆಲಸ ಗೊತ್ತೈತಿ. ನಿನಗ ಗೊತ್ತೈತೋ ಇಲ್ಲೋ ನೋಡಾಕ ಬಂದೈತಿ" ಎಂದ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ತೋಳ ಇಲ್ಲದ ಸೀಮೆಯಲ್ಲಿ ಕುರಿ ಯಾರಾದರೂ ಕಾಯಬಹುದು. ನಾವು ತೋಳ ಇರುವಲ್ಲಿ ಕಾಯ್ದವರು. ಹಿಂಡಿನ ಮುಂದೊಂದು ಕಣ್ಣು, ಹಿಂದೊಂದು ಕಣ್ಣು ಇಟ್ಟು ನಡೆಯುವುದನ್ನು ನನಗೆ ಕಲಿಸಿದ್ದು ಅರ್ಧ ಅಪ್ಪ, ಇನ್ನರ್ಧ ಅದು.

ಈಗ ಹೇಳುವುದು ಮೂರು ವರ್ಷದ ಹಿಂದಿನದು. ಸಂಕ್ರಾಂತಿ ಮುಗಿದಿತ್ತು. ಬೆಳೆ ತೆಗೆದ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಹಿಕ್ಕೆ ಬಿದ್ದ ನೆಲ ಮುಂದಿನ ಸಲ ಚಲೋ ಬೆಳೆಯುತ್ತದೆಂದು ರೈತರು ಮೊದಲೇ ಬಂದು ಹೇಳಿಹೋಗುತ್ತಾರೆ, ಜೋಳ ಅಳೆದು ಕೊಡುತ್ತಾರೆ. ಆ ಸಲ ನಾವು ಗೌಡರ ಹೊಲದಲ್ಲಿ ಇಳಿದಿದ್ದೆವು. ಗೌಡರದು ಊರಿಗೆ ದೊಡ್ಡ ಮನೆತನ, ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ಅವರ ಹೊಲದ ಒಂದು ಬಾಜು ಹಳ್ಳ, ಎರಡೂ ದಂಡೆ ಅವರದೇ. ಹಳ್ಳದ ಕಡೆಗೆ ನನ್ನ ಹಟ್ಟಿ, ಅದರಾಚೆ ನಮ್ಮ ಕಾಕಾನದು. ಕಾಕಾ ಅಂದರೆ ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಹಿರಿಯ ಎಂದು ನನಗೆ ಉಳಿದವನು ಅವನೊಬ್ಬನೇ.

ಗವಿ ಮೊದಲು ಕಂಡದ್ದು ನನ್ನ ಹೆಂಡತಿಗೆ. ಉರುವಲು ಆರಿಸಲು ಹಳ್ಳಕ್ಕೆ ಇಳಿದವಳು ಬೇಗ ತಿರುಗಿ ಬಂದಳು. ಆಚೆ ದಂಡೆಯಲ್ಲಿ ಜಾಲಿ ಬೇರಿನ ಕೆಳಗೆ ಒಂದು ಬಾಯಿ, ಅದರ ಮುಂದೆ ಬಿಸಿಲಿನಲ್ಲಿ ಐದು ಮರಿ ಒಂದರ ಮೇಲೊಂದು ಬಿದ್ದು ಆಡುತ್ತಿದ್ದವಂತೆ. ರೊಟ್ಟಿ ಬಡಿಯುತ್ತ ಹೇಳಿದಳು, ದನಿ ಸಣ್ಣದು ಮಾಡಿ, ಯಾರದೋ ಮನೆಯ ಸುದ್ದಿ ಹೇಳುವವರ ಹಾಗೆ. ಇಂಥದ್ದನ್ನು ಕಾಕಾನಿಂದ ಮುಚ್ಚಿಡಲು ಆಗುವುದಿಲ್ಲ, ಹೇಳಿದೆ. ಕಾಕಾ ಬಹಳ ಹೊತ್ತು ಎಲೆ ಅಗಿದ. ಅವನ ಕಾಲದವರಾದರೆ ಆ ಹೊತ್ತಿಗೆ ಹತ್ತಿಕಟ್ಟಿಗೆ ಕಟ್ಟುತ್ತಿದ್ದರು. ಅವನು, ಬಾಣಂತಿ ಐತಿ, ಇರಲಿ ಬಿಡು ಎಂದ. ಅಷ್ಟೇ ಅಲ್ಲ, ತನ್ನದೊಂದು ಉಪಾಯವನ್ನೂ ಹೇಳಿದ. ಕುರಿ ಈಯುವ ಕಾಲ ಅದು, ಚಳಿಗೆ ಒಂದೆರಡು ಮರಿ ಸಾಯುವುದು ಇದ್ದದ್ದೇ. ಸತ್ತದ್ದನ್ನು ಹಳ್ಳದ ಮೂಲೆಗೆ ಇಟ್ಟು ಬಂದರೆ ಅದಕ್ಕೂ ಹೊಟ್ಟೆ ತುಂಬುತ್ತದೆ, ಬದುಕಿದವುಗಳ ತಂಟೆಗೆ ಬರುವುದಿಲ್ಲ. ಎಲ್ಲರಿಗೂ ಸರಿ ಕಂಡಿತು. ಬಾಣಂತಿಗೆ ಒಯ್ಯುವ ಉಡುಗೊರೆ ಎಂದು ಕಾಕಾ ಅದಕ್ಕೆ ಮುಯ್ಯಿ ಎಂಬ ಹೆಸರಿಟ್ಟ. ಸತ್ತ ಮರಿ ಹೆಗಲ ಮೇಲೆ ಹಾಕಿಕೊಂಡು, ಬಾಣಂತಿಗೆ ಮುಯ್ಯಿ ಮುಟ್ಟಿಸಿ ಬರತೇನಿ ಎಂದು ಹೊರಡುತ್ತಿದ್ದ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹಿಂದಿನಿಂದ ಕೂಗುತ್ತಿದ್ದಳು: "ನಾ ಬಾಣಂತಿ ಇದ್ದಾಗ ಒಂದ ಕೊಬ್ಬರಿ ಬಟ್ಟಲಾ ತಂದ ಕೊಡಲಿಲ್ಲ ನೀ. ಈಗ ನೋಡು ದೌಲತ್ತು!"

ಇಟ್ಟದ್ದು ಮರುದಿನ ಇರುತ್ತಿರಲಿಲ್ಲ. ತೋಳ ತಿಂದಿತು ಎಂದು ನಾವು ಸಂತೋಷಪಟ್ಟೆವು. ತಿನ್ನುತ್ತಿದ್ದವರು ಬೇರೆ ಇದ್ದಾರೆ ಎಂಬುದು ನಮ್ಮ ತಲೆಗೆ ಬರಲಿಲ್ಲ. ಡಾಂಬರು ರಸ್ತೆಯ ದಂಡೆಗೆ ಒಂದು ಕೋಳಿ ಅಂಗಡಿ ಇದೆ. ಅಲ್ಲಿನ ಕಸ ತಿಂದು ಕರುಗಳಷ್ಟು ಬೆಳೆದ ಬೀದಿನಾಯಿಗಳ ಗುಂಪೇ ಇತ್ತು.

ಒಂದು ಮುಂಜಾನೆ ಕಾಕಾ ಹಿಂಡು ಹೊಡೆದುಕೊಂಡು ಹೋಗಿದ್ದ. ಚಿಗವ್ವ ನೀರಿಗೆ ಹೋಗಿದ್ದಳು. ಸಣ್ಣ ಮರಿಗಳನ್ನು ನೂಲಿನ ಬಲೆ ಸುತ್ತ ಕಟ್ಟಿ ಅದರೊಳಗೆ ಬಿಟ್ಟಿದ್ದರು. ಕಾವಲಿಗಿದ್ದ ನಾಯಿ ಮುದಿ, ಅದಕ್ಕೆ ಕಿವಿ ಕೇಳುತ್ತಿರಲಿಲ್ಲ. ಚಿಗವ್ವ ಕೊಡ ಹೊತ್ತು ಬಂದಾಗ ಬಲೆ ಹರಿದು ಬಿದ್ದಿತ್ತು, ಏಳು ಮರಿ ಸತ್ತು ಚೆಲ್ಲಾಪಿಲ್ಲಿಯಾಗಿದ್ದವು. ಅವಳ ಕೂಗು ಕೇಳಿ ನಾನು ಓಡಿದೆ. ಕಾಕಾ ಹಿಂಡನ್ನು ಬಿಟ್ಟು ಬಂದ. ತನ್ನ ಕಂಬಳಿ ತೆಗೆದು ಮರಿಗಳ ಮೇಲೆ ಹೊದಿಸಿದ. ಎಲ್ಲದರ ಮೇಲೂ ಹೊದಿಸಲು ಅದು ಸಾಲಲಿಲ್ಲ, ಅದನ್ನೇ ಆ ಕಡೆ ಈ ಕಡೆ ಎಳೆಯುತ್ತಿದ್ದ.

ಇದು ನಾಯಿ ಕೆಲಸ ಇದ್ದಂಗ ಐತಿ ಕಾಕಾ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಎರಿ ಮಣ್ಣು ಒಣಗಿ ಕಲ್ಲಾಗಿತ್ತು, ಹೆಜ್ಜೆ ತೋರಿಸೋಣವೆಂದರೆ ಒಂದೂ ಮೂಡಿರಲಿಲ್ಲ. ಅಷ್ಟರಲ್ಲಿ ಗೌಡರು ಮೋಟಾರ್ ಸೈಕಲ್ ಮೇಲೆ ಬಂದರು. ನೋಡಿ ಅವರಿಗೂ ಕೆಟ್ಟದೆನಿಸಿತು, ಗವಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಇಂಥಾ ಪ್ರಾಣಿ ನಮ್ಮ ಹೊಲದಾಗ ಬ್ಯಾಡ, ಜೆಸಿಬಿ ತರಿಸಿ ಆ ದಂಡಿ ಕಡಿಸಿ ಸಪಾಟ ಮಾಡಿಸಿಬಿಡತೇನಿ ಎಂದರು. ಕಾಕಾ ಆಗ ಬಾಯಿ ತೆರೆದ. ಜೆಸಿಬಿ ಯಾಕ ಬೇಕ್ರಿ, ನಮ್ಮ ಕಡೆ ಮೆಣಸಿನಕಾಯಿ ಅದಾವ ಎಂದ.

ಊರಿಗೆ ಹೋದವನು ಮಧ್ಯಾಹ್ನ ಒಂದು ಬುಟ್ಟಿ ಹೊತ್ತು ಬಂದ. ಮಾರಲು ಬಾರದ, ಬಣ್ಣ ಹೋಗಿ ಬೆಳ್ಳಗಾದ ಮೆಣಸಿನಕಾಯಿ. ಕಂಕುಳಲ್ಲಿ ಹತ್ತಿಕಟ್ಟಿಗೆಯ ಹೊರೆ. ಸೀದಾ ಹಳ್ಳದ ಕಡೆ ನಡೆದ. ನಾನು ಅಡ್ಡ ಹೋಗಿ ನಿಂತೆ. ಅಪ್ಪನ ತಮ್ಮನಿಗೆ ಅಡ್ಡ ನಿಂತದ್ದು ಅದೇ ಮೊದಲು.

"ದಾರಿ ಬಿಡಲೇ."

"ಬಿಡತೇನಿ. ಒಂದ ಮಾತು ಕೇಳು."

"ಏಳು ಮರಿ ಕಳಕೊಂಡವ ನಾನು. ಮಾತು ನೀ ಹೇಳತೀಯೇನು?"

ಬುಟ್ಟಿಯಿಂದ ಕಾಯಿ ಉದುರುತ್ತಿದ್ದವು. ಹಿರಿಯನಿಗೆ ಬುದ್ಧಿ ಹೇಳುವ ಹೊತ್ತಲ್ಲ ಅದು. ಹೇಳಿದ್ದರೂ ಅವನು ನನ್ನನ್ನು ದಾಟಿ ಹೋಗುತ್ತಿದ್ದ. ಮಾತಿನ ಬದಲು ನನ್ನ ಹಿಂಡನ್ನೇ ಮುಂದೆ ಇಟ್ಟೆ. "ನನ್ನ ಮರಿ ಎಲ್ಲಾ ಹಳ್ಳದ ಬಾಯಿಗೆ, ಗವಿ ಎದರಿಗೇ ತಂದ ಕಟ್ಟತೇನಿ. ಗವಿಗೆ ಅಷ್ಟು ಹತ್ತರ ಯಾರೂ ಕಟ್ಟಿರಬಾರದು. ಅಮಾಸಿತನಕ ನೋಡು. ಅದು ಒಂದ ಮರಿ ಒಯ್ದರೂ ಬೆಂಕಿ ನಾನ ಹಚ್ಚತೇನಿ. ನೀ ಬುಟ್ಟಿ ಹಿಡದ ಬಾಜು ನಿಲ್ಲು, ಸಾಕು."

ಕಾಕಾ ನನ್ನ ಮುಖ ನೋಡಿದ. ನಮ್ಮಲ್ಲಿ ಒಬ್ಬ ತನ್ನ ಮರಿಗಳನ್ನು ಒತ್ತೆ ಇಟ್ಟು ಮಾತು ಕೊಟ್ಟರೆ ಅದನ್ನು ತಳ್ಳಿಹಾಕಲು ಬರುವುದಿಲ್ಲ. ಬುಟ್ಟಿಯನ್ನು ಬೇವಿನ ಗಿಡಕ್ಕೆ ನೇತುಹಾಕಿ, ಹತ್ತಿಕಟ್ಟಿಗೆಯನ್ನು ಅದರ ಬುಡಕ್ಕೆ ಒಗೆದು, "ನಿಮ್ಮಪ್ಪನಕಿಂತಾ ಮೊಂಡ ಇದ್ದಿ" ಎಂದು ಬೈದು ಹೋದ.

ಹೆಂಡತಿ ಆ ದಿನ ರೊಟ್ಟಿಗಂಟನ್ನು ನನ್ನ ಮುಂದೆ ಕುಕ್ಕಿಟ್ಟು ಹೋದಳು. ಮರಿ ಸಾಕುವವಳು ಅವಳು. ಬಾಟಲಿಯಲ್ಲಿ ಹಾಲು ಕುಡಿಸಿ ಎಬ್ಬಿಸಿದವು ಅವುಗಳಲ್ಲಿ ಎಷ್ಟೋ ಇದ್ದವು. ಸಂಜೆ ಮರಿಗಳನ್ನು ಹಳ್ಳದ ಕಡೆ ಹೊಡೆಯುವಾಗ, ಗಂಡಸರ ಮಾತಿಗೆ ನನ್ನ ಮರಿ ಯಾಕ ಒತ್ತಿ ಇಡಬೇಕು ಎಂದು ಕೇಳಿದಳು. ಬಲೆಗೆ ಎರಡು ಸುತ್ತು ಹಾಕಿದೆ, ಜಾಲಿ ಮುಳ್ಳು ತಂದು ಹೊರಗೆ ಒಟ್ಟಿದೆ, ನನ್ನ ಎರಡು ನಾಯಿಗಳನ್ನು ಅಲ್ಲೇ ಬಿಟ್ಟೆ. ಮುಯ್ಯಿ ಒಯ್ಯುವುದು ಆ ದಿನವೇ ನಿಂತಿತು. ಕಾಕಾನ ಸಿಟ್ಟಿನಲ್ಲಿ ಅದು ನಿಂತದ್ದು, ಬುದ್ಧಿಯಿಂದಲ್ಲ.

ದಿನ ಸರಿದವು. ಅಮಾವಾಸ್ಯೆ ಹತ್ತಿರ ಬಂತು. ಮರಿಗಳು ಅಂಗಳದಲ್ಲಿ ಆಡಿದಂತೆ ಹಳ್ಳದ ಬಾಯಿಯಲ್ಲಿ ಆಡಿದವು. ಆಚೆ ದಂಡೆಯಲ್ಲಿ ತೋಳದ ಮರಿಗಳೂ ಆಡಿದವು. ನಡುವೆ ಒಂದು ಒಣ ಹಳ್ಳ. ನನಗೆ ಒಳಗೊಳಗೇ ಗೆದ್ದೆ ಅನ್ನಿಸತೊಡಗಿತ್ತು. ಗುಡಗೇರಿ ಸಂತೆಯಲ್ಲಿ ನಾಲ್ಕು ಮಂದಿಯ ಮುಂದೆ ಅಂದೂ ಬಿಟ್ಟೆ.

ಅಮಾವಾಸ್ಯೆಯ ಹಿಂದಿನ ಮುಂಜಾನೆ ಮಂಜು ಬಿದ್ದಿತ್ತು. ಮರಿಗಳಿಗೆ ಹಾಲು ಕುಡಿಸಿ ತಾಯಂದಿರ ಹಿಂದೆ ಸ್ವಲ್ಪ ಹೊತ್ತು ಬಿಟ್ಟಿದ್ದೆ. ಕಾಕಾ ಬದುವಿನ ಮೇಲೆ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತೊಗರಿ ಕಟ್ಟಿಗೆಯ ಬಣವೆಯ ಮರೆಯಿಂದ ಅದು ಬಂತು. ಓಡಿ ಬರಲಿಲ್ಲ, ನಡೆದು ಬಂತು. ಹಿಂದೆ ಉಳಿದಿದ್ದ ಒಂದು ಹೆಣ್ಣುಮರಿಯ ಕುತ್ತಿಗೆಗೆ ಬಾಯಿ ಹಾಕಿ ಎತ್ತಿತು, ಆಮೇಲೆ ಓಡಿತು. ನಾನು ಹೋ ಎಂದು ಕೂಗಿ ಬಡಿಗೆ ಬೀಸಿದೆ, ನಾಯಿ ಬೆನ್ನು ಹತ್ತಿದವು. ಸ್ವಲ್ಪ ದೂರದಲ್ಲಿ ಅದು ನಿಂತು, ಮರಿಯನ್ನು ಕೆಳಗಿಟ್ಟು, ಹಿಡಿತ ಸರಿ ಮಾಡಿಕೊಂಡು ಮತ್ತೆ ಎತ್ತಿ ಹಳ್ಳಕ್ಕೆ ಇಳಿದು ಮಾಯವಾಯಿತು. ಹಿಂಡು ಒಂದು ಸಲ ಬೆದರಿ ಮತ್ತೆ ಮೇಯಲು ಹತ್ತಿತು. ಬೇರೆ ಯಾವ ಮರಿಗೂ ಉಗುರು ತಾಗಿರಲಿಲ್ಲ.

ಹೆಂಡತಿ ಬಾಟಲಿ ಕೊಟ್ಟು ಬೆಳೆಸಿದ ಮರಿ ಅದು. ಅವಳು ನೋಡಿದಳು, ಒಳಗೆ ಹೋದಳು.

ಮಾತು ಕೊಟ್ಟವನು ನಾನು. ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಬೇವಿನ ಗಿಡದಿಂದ ಬುಟ್ಟಿ ಇಳಿಸಿದೆ, ಹತ್ತಿಕಟ್ಟಿಗೆ ಎತ್ತಿಕೊಂಡೆ. ಐದು ಮರಿ, ಒಂದು ಬಾಣಂತಿ. ಹೊಗೆ ಹಾಕಿದರೆ ಎಷ್ಟು ಹೊತ್ತಿನ ಕೆಲಸ ಎಂದು ನನಗೆ ಗೊತ್ತಿತ್ತು. "ನಡಿ ಕಾಕಾ" ಎಂದೆ. ಅವನು ಬದುವಿನ ಮೇಲೆ ಕೂತುಬಿಟ್ಟಿದ್ದ, ಏಳಲಿಲ್ಲ. ಹಳ್ಳದ ದಂಡೆಯವರೆಗೆ ನಾನೊಬ್ಬನೇ ಹೋದೆ. ಹಿಂದಿನಿಂದ ಕರೆದ.

"ಲೇ ತಮ್ಮಾ, ಬುಟ್ಟಿ ಇಳಸು. ಬಾ ಇಲ್ಲೆ."

ಹೋದೆ. ಅವನು ನನ್ನ ಕಡೆ ನೋಡದೆ ಹಿಂಡಿನ ಕಡೆ ನೋಡುತ್ತ ಹೇಳಿದ. "ಇದು ತೋಳ. ಒಂದ ಒಯ್ತು ನೋಡು, ಹೊಟ್ಟಿಗಿ ಬೇಕಾದಷ್ಟ. ನನ್ನ ಬಲಿಯೊಳಗ ಬಂದದ್ದು ಇದಲ್ಲ. ನನ್ನ ಏಳರಾಗ ಒಂದನ್ನೂ ತಿಂದಿರಲಿಲ್ಲ, ಹರದು ಒಗದಿದ್ದವು. ಅದು ನಾಯಿ ಆಟ."

"ಅವತ್ತ ಹೇಳಿದ್ನಲ್ಲಾ ಕಾಕಾ."

"ನೀ ಏನ ಹೇಳತಿ, ನನಗ ಗೊತ್ತಿರಲಿಲ್ಲೇನು? ಸಿಟ್ಟು ಬಂದಾಗ ಹೊಡ್ಯಾಕ ಯಾರರ ಒಬ್ಬರು ಬೇಕಲ್ಲಲೇ. ನಾಯಿ ಓಡಿ ಹೋಗತಾವ. ಗವಿ ಓಡಿ ಹೋಗಂಗಿಲ್ಲ."

ಮತ್ತೊಂದು ಮಾತು ಹೇಳಿದ, ನನಗಲ್ಲ, ತನಗೇ ಹೇಳಿಕೊಂಡಂತೆ. "ಆ ನಾಯಿಗೆ ಇಲ್ಲಿ ದಾರಿ ತೋರಸಿದವರೂ ನಾವ. ಮುಯ್ಯಿ ಮುಟ್ಟಿಸಿದ್ವಿ. ತಿಂದವರು ಬ್ಯಾರೆ."

ಆಗಲೇ ನನಗೂ ಪೂರಾ ತಿಳಿದದ್ದು. ಇಬ್ಬರೂ ಎದ್ದು ಹಳ್ಳದ ಆ ಮೂಲೆಗೆ ಹೋದೆವು. ನೀರು ಜಿನುಗುವ ಜಾಗ ಅದು, ಅಲ್ಲಿನ ಕೆಸರು ಒಣಗುವಾಗ ನಾಯಿಗಳ ಹೆಜ್ಜೆ ಅಚ್ಚು ಒತ್ತಿದಂತೆ ಕೂತಿದ್ದವು, ರಸ್ತೆಯ ಕಡೆಯಿಂದ ಬಂದು ರಸ್ತೆಯ ಕಡೆಗೇ ಹೋಗಿದ್ದವು. ಕುರುಬರ ಹೊರತು ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಸತ್ತ ಮರಿ ನಮ್ಮ ಕೈಯಲ್ಲಿ ಇರುವಷ್ಟು ಬೇರೆ ಯಾರ ಕೈಯಲ್ಲಿ ಇರುತ್ತದೆ.

ಬುಟ್ಟಿಯನ್ನು ಚಿಗವ್ವ ಒಯ್ದಳು. ಬಣ್ಣ ಹೋದರೇನು ಖಾರ ಹೋಗಿಲ್ಲ ಎಂದು ಕುಟ್ಟಿ ಪುಡಿ ಮಾಡಿದಳು. ಆ ವರ್ಷ ಎರಡೂ ಹಟ್ಟಿಯವರು ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದು, ಮೂಗು ಒರೆಸಿಕೊಳ್ಳುತ್ತಿದ್ದೆವು. ತೋಳ ಇದನ್ನ ತಡಕೊಳ್ಳತಿರಲಿಲ್ಲ ಬಿಡ್ರಿ ಎಂದು ನನ್ನ ಹೆಂಡತಿ ಅಂದಳು. ಮರಿ ಹೋದ ಮೇಲೆ ಅವಳು ನಕ್ಕದ್ದು ಆಗಲೇ.

ಆದರೆ ಗೌಡರು ಜೆಸಿಬಿಗೆ ಹೇಳಿ ಕಳಿಸಿಬಿಟ್ಟಿದ್ದರು. ಹೆಜ್ಜೆ ನೋಡಿ ಬಂದ ದಿನವೇ ಕಾಕಾ ಶುಭ್ರ ಧೋತರ ಉಟ್ಟು, ರುಮಾಲು ಸುತ್ತಿ ಗೌಡರ ಮನೆಗೆ ಹೊರಟ, ನಾನು ಹಿಂದೆ. ಗೌಡರು ಪೂಜೆ ಮುಗಿಸಿ ಕಟ್ಟೆಗೆ ಬಂದು ಕೂತರು. ಕಾಕಾ ಕೂಡಲಿಲ್ಲ, ನಿಂತೇ ಹೇಳಿದ. ನಾಯಿಯ ಸಂಗತಿ ಹೇಳಿದ. ಆ ತೋಳ ಬಂದ ಮೇಲೆ ಶೇಂಗಾ ಹೊಲಕ್ಕೆ ನುಗ್ಗುವ ಹಂದಿಯ ಮರಿ ಕಡಿಮೆಯಾದದ್ದನ್ನು ನೆನಪು ಮಾಡಿಕೊಟ್ಟ. ಗೌಡರು ನಕ್ಕರು. "ಏನಪಾ, ಮರಿ ಕಳಕೊಂಡಾವನೂ ನೀನ, ತೋಳದ ವಕೀಲನೂ ನೀನ?"

"ಹೌದ್ರಿ ಗೌಡ್ರ. ದಂಡಿ ಕಡಿಸಿದ್ರ ನಮ್ಮ ಕುರಿ ಇನ್ನ ಮ್ಯಾಲೆ ನಿಮ್ಮ ಹೊಲದಾಗ ಇಳಿಯಂಗಿಲ್ರಿ. ನಂದೂ ಇಲ್ಲ, ನಮ್ಮ ಪೈಕಿ ಯಾರದೂ ಇಲ್ಲ."

ಆ ಮನೆತನದ ಮುಂದೆ ನಮ್ಮವರು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಮುಗಿದೇ ಹೇಳಿದ, ಆದರೆ ದನಿ ಗಟ್ಟಿ ಇತ್ತು. ಗೌಡರಿಗೂ ಗೊತ್ತು, ಚೀಲದ ಗೊಬ್ಬರ ಎಷ್ಟು ಹಾಕಿದರೂ ಎರಿ ಹೊಲಕ್ಕೆ ಕುರಿ ನಿಂತಷ್ಟು ಕಸುವು ಬರುವುದಿಲ್ಲ. ಅವರು ಹಣೆಯ ವಿಭೂತಿ ಮುಟ್ಟಿಕೊಂಡರು. ಕೊನೆಗೆ, ಒಂದು ತುಂಡು ದಂಡಿ ಇಲ್ಲದಿದ್ದರ ನನಗೇನು ಬಡತನ ಬರಂಗಿಲ್ಲ, ಇರಲಿ ತೊಗೊ, ಅಂದರು. ಕಾಕಾ ಆಗ ಕಟ್ಟೆಯ ತುದಿಗೆ ಕೂತು ಅವರು ಕೊಟ್ಟ ಚಹಾ ಕುಡಿದ. ತಿರುಗಿ ಬರುವಾಗ ಅವನ ಹಿಂದೆ ನಡೆಯುತ್ತ, ಇವನು ನನ್ನ ಕಾಕಾ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಬೇಕು ಅನ್ನಿಸಿತು. ಸಿಕ್ಕವರಿಗೆಲ್ಲ ಅದು ಮೊದಲೇ ಗೊತ್ತಿತ್ತು.

ಈಗ ಸತ್ತ ಮರಿಯನ್ನು ಆಳವಾಗಿ ಹುಗಿಯುತ್ತೇವೆ. ಕೋಳಿ ಅಂಗಡಿಯವನ ಜೊತೆ ಜಗಳ ಮಾಡಿ, ಆಮೇಲೆ ನಾವೇ ಗುದ್ದಲಿ ಹಿಡಿದು ಅವನಿಗೆ ಕಸದ ತಗ್ಗು ತೋಡಿಕೊಟ್ಟೆವು. ನಾಯಿಗಳ ಗುಂಪು ಚದುರಿತು. ಅರಣ್ಯ ಇಲಾಖೆಯವರು ಬಂದು ಹೋಗುತ್ತಾರೆ. ಅವರ ಜೊತೆ ಬಂದ ಒಬ್ಬ ಹುಡುಗಿ, ನಾಯಿಯ ರೋಗ ತೋಳಕ್ಕೂ ಹತ್ತುತ್ತದೆ ಎಂದು ಹೇಳಿದಳು. ನಮಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುತ್ತಲಿನ ಹಟ್ಟಿಗಳ ನಾಯಿಗಳನ್ನೆಲ್ಲ ಒಂದೇ ಕಡೆ ಕಟ್ಟಿ ಸೂಜಿ ಹಾಕಿಸಿದೆವು, ಡಾಕ್ಟರರಿಗೆ ಕಚ್ಚಿದ್ದು ಕಾಕಾನ ಮುದಿ ನಾಯಿಯೊಂದೇ. ಮೊಬೈಲು ಹಿಡಿದು ಗವಿಯ ಹತ್ತಿರ ಹೋಗುವ ಹುಡುಗರನ್ನು ಚಿಗವ್ವ ನೋಡಿಕೊಳ್ಳುತ್ತಾಳೆ. ಬಾಣಂತಿ ಕ್ವಾಣಿಗೆ ಹೊಕ್ಕು ಫೋಟೋ ತಗೀತೀರೇನಲೇ ಎಂದು ಅವಳು ಶುರು ಮಾಡಿದರೆ ನಿಲ್ಲುವವರಿಲ್ಲ. ಹೋದ ವರ್ಷ ಅಣ್ಣಿಗೇರಿ ಕಡೆಯ ಇಬ್ಬರು ಕುರಿಯವರು ಸಂತೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಅವರ ಸೀಮೆಯಲ್ಲೂ ಒಂದು ತೋಳದ ಗವಿ ಕಂಡಿದೆ, ಊರವರು ಹೊಗೆ ಹಾಕೋಣ ಅನ್ನುತ್ತಿದ್ದಾರೆ, ಏನು ಮಾಡುವುದು ಎಂದು ಕೇಳಿದರು. ಮುಯ್ಯಿ ಮಾತ್ರ ಮುಟ್ಟಿಸಬ್ಯಾಡ್ರಿ ಎಂದು ಶುರು ಮಾಡಿ ಎಲ್ಲ ಹೇಳಿದೆ. ಹೊಗೆ ಹಾಕಲಿಲ್ಲವಂತೆ.

ಕಾಕಾ ಈಗ ಹಿಂಡಿನ ಹಿಂದೆ ಹೋಗುವುದಿಲ್ಲ, ಮೊಣಕಾಲು ಒಪ್ಪುವುದಿಲ್ಲ. ಮುಂಜಾನೆ ಹಳ್ಳದ ಕಡೆ ಒಂದು ಸುತ್ತು ಹಾಕಿ ಬಂದು, ಅದಾವ ಎಂದು ಒಂದೇ ಮಾತು ಹೇಳಿ ಚಹಾಕ್ಕೆ ಕೂಡುತ್ತಾನೆ.

ನನ್ನ ಹತ್ತಿರ ಈಗ ಇರುವುದು ಇಷ್ಟು. ಹಂಚಿನ ಮನೆ ಒಂದು. ಎರಡು ಎಕರೆ ಎರಿ ಹೊಲ. ಟಗರು ಎರಡು, ಆಡು ಮೂರು, ಸೂಜಿ ಹಾಕಿಸಿದ ನಾಯಿ ಮೂರು. ಅಪ್ಪನ ಕಂಬಳಿ ಒಂದು, ಅಂಚು ಹರಿದಿದೆ. ಕುರಿ ಎಷ್ಟೆಂದು ಎಣಿಸಿ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹಟ್ಟಿ ತುಂಬ ಇವೆ. ಹಳ್ಳದ ದಂಡೆಯಲ್ಲಿ ಈ ಚಳಿಗಾಲಕ್ಕೆ ತೋಳ ಎರಡು, ಮರಿ ನಾಲ್ಕು.